ಹೊಂಡದ ದಡದಲ್ಲಿ ಗಾಳ: ಮನೆಮಂದಿಗೆಲ್ಲ ವಿನೋದ, ಮೀನಿನ ಲೆಕ್ಕಕ್ಕೂ ದಾರಿ

ಕೃಷಿ ಹೊಂಡದಲ್ಲಿ ಮೀನುಮರಿ ಬಿಟ್ಟವರು ನಿಮ್ಮಲ್ಲಿ ಅನೇಕರಿದ್ದೀರಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಬಯಲುಸೀಮೆಯ ಹೊಲಗಳಲ್ಲಿಯೂ ಹೊಂಡಗಳು ಹೆಚ್ಚಿವೆ. ಆದರೆ ಬಿಟ್ಟ ಮರಿ ಹೇಗೆ ಬೆಳೆಯುತ್ತಿದೆ ಎಂದು ತಿಂಗಳಿಗೊಮ್ಮೆಯಾದರೂ ನೋಡಿದವರು ಎಷ್ಟು ಮಂದಿ? ಪೈರು ಹಳದಿಯಾದರೆ ಕಣ್ಣಿಗೆ ಕಾಣುತ್ತದೆ. ಹಸುವಿನ ಪಕ್ಕೆಲುಬು ಎದ್ದು ಕಂಡರೆ ಮೇವು ಸಾಲದೆಂದು ತಿಳಿಯುತ್ತದೆ. ನೀರೊಳಗಿನ ಮೀನು ಹಾಗಲ್ಲ. ಅದು ಬೆಳೆಯದೆ ನಿಂತರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ವರ್ಷದ ಕೊನೆಯಲ್ಲಿ ಬಲೆ ಎಳೆದಾಗ ಗೇಣುದ್ದದ ಮೀನು ಬಂದರೆ ಆಗ ಮರುಗಿ ಫಲವಿಲ್ಲ.

ಇದಕ್ಕೆ ಸುಲಭ ಸಾಧನವೊಂದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಅದೇ ಗಾಳ. ವಾರಕ್ಕೊಂದು ಸಂಜೆ ಮನೆಯವರೆಲ್ಲ ಹೊಂಡದ ದಡದಲ್ಲಿ ಕುಳಿತು ಗಾಳ ಹಾಕಿದರೆ ಸಾರಿಗೆ ಮೀನು ದೊರೆಯುತ್ತದೆ, ಮಕ್ಕಳಿಗೆ ವಿನೋದವಾಗುತ್ತದೆ, ಹೊಂಡದ ಸ್ಥಿತಿಯೂ ತಿಳಿಯುತ್ತದೆ. ಆದರೆ ಹೊಂಡದ ದಡ ಅಪಾಯದ ಜಾಗವೂ ಹೌದು. ಆದ್ದರಿಂದ ಸಲಕರಣೆಯ ಮಾತಿಗೆ ಮೊದಲು ಸುರಕ್ಷತೆಯ ಮಾತನ್ನು ಆಡಬೇಕಾಗಿದೆ.

ಮೊದಲು ದಡವನ್ನು ಭದ್ರಪಡಿಸಿ

ಪಾಲಿಥೀನ್ ಹೊದಿಸಿದ ಹೊಂಡದ ಇಳಿಜಾರು ನೀರು ತಗುಲಿ ಪಾಚಿ ಕಟ್ಟಿದ ಮೇಲೆ ಬಹಳ ಜಾರುತ್ತದೆ. ಒಳಗೆ ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲವರೂ ಮೇಲೆ ಹತ್ತಲಾರದೆ ಸೋತು ಮುಳುಗುವುದುಂಟು. ಒಬ್ಬರನ್ನು ಎತ್ತಲು ಹೋಗಿ ಇನ್ನೊಬ್ಬರು ಮುಳುಗಿದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಗಾಳ ಹಾಕುವ ಮುನ್ನ ಈ ನಾಲ್ಕು ಏರ್ಪಾಡುಗಳು ಇರಲೇಬೇಕು.

1. ಹೊಂಡದ ಸುತ್ತ ಬೇಲಿ, ಬೇಲಿಗೆ ಬಾಗಿಲು, ಬಾಗಿಲಿಗೆ ಅಗುಳಿ. ಅಗುಳಿ ಚಿಕ್ಕ ಮಕ್ಕಳ ಕೈಗೆ ಎಟುಕಬಾರದು.

2. ನಾಲ್ಕು ಬದಿಗೂ ಒಂದೊಂದು ದಪ್ಪ ಹಗ್ಗ. ಅಡಿಗೊಂದು ಗಂಟು ಹಾಕಿ, ಮೇಲ್ತುದಿಯನ್ನು ಗಟ್ಟಿ ಗೂಟಕ್ಕೆ ಕಟ್ಟಿ, ಕೆಳತುದಿಯನ್ನು ನೀರಿನೊಳಗೆ ಇಳಿಬಿಡಿ. ಹಳೆಯ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಇಳಿಬಿಟ್ಟರೆ ಅದೇ ಏಣಿಯಾಗುತ್ತದೆ.

3. ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ದಡದಲ್ಲಿ ಸದಾ ಇಟ್ಟಿರಿ. ಹಿಂದೆ ಈಜು ಕಲಿಸುವಾಗ ಸೋರೆಬುರುಡೆ ಮಾಡುತ್ತಿದ್ದ ಕೆಲಸವನ್ನು ಇದು ಮಾಡುತ್ತದೆ. ಯಾರಾದರೂ ಬಿದ್ದರೆ ಕ್ಯಾನು ಎಸೆಯಿರಿ, ಇಲ್ಲವೆ ಗಳ ಚಾಚಿ. ನೀವು ನೀರಿಗೆ ಹಾರಬೇಡಿ.

4. ಮಕ್ಕಳು ದಡದಲ್ಲಿ ಇರುವಷ್ಟು ಹೊತ್ತು ಒಬ್ಬ ದೊಡ್ಡವರ ಕೆಲಸ ಮಕ್ಕಳನ್ನು ನೋಡಿಕೊಳ್ಳುವುದೇ ಆಗಿರಬೇಕು. ಅವರ ಕೈಯಲ್ಲಿ ಗಾಳವೂ ಬೇಡ, ಮೊಬೈಲೂ ಬೇಡ.

ನೀರಿನಿಂದ ಎತ್ತಿದವರಿಗೆ ಉಸಿರಾಟ ನಿಂತಿದ್ದರೆ ಹೊಟ್ಟೆ ಒತ್ತಿ ನೀರು ಕಕ್ಕಿಸುವುದರಲ್ಲಿ, ತಲೆಕೆಳಗಾಗಿ ಹಿಡಿಯುವುದರಲ್ಲಿ ಕಾಲ ಕಳೆಯಕೂಡದು. ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯ ನಡುವೆ ಒತ್ತಬೇಕು. ಜೊತೆಯವರು 108ಕ್ಕೆ ಕರೆ ಮಾಡಬೇಕು. ಈ ಕ್ರಮವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕೇಳಿ ಕಲಿತುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಪಂಪುಸೆಟ್ಟಿನ ತಂತಿ ಹೊಂಡದ ಮೇಲೆ ಹಾದುಹೋಗಿದ್ದರೆ ಅದರ ಹತ್ತಿರ ಗಾಳದ ಗಳ ಎತ್ತಬೇಡಿ. ನೆನೆದ ಬಿದಿರಿನಲ್ಲಿಯೂ ವಿದ್ಯುತ್ ಹರಿಯುತ್ತದೆ. ಅಂಗಡಿಯಲ್ಲಿ ಸಿಗುವ ಕಪ್ಪು ಕಾರ್ಬನ್ ಗಳದಲ್ಲಂತೂ ಒಣಗಿದ್ದಾಗಲೂ ಹರಿಯುತ್ತದೆ.

ಸಲಕರಣೆಗೆ ಹೆಚ್ಚು ಖರ್ಚಿಲ್ಲ

ಗಳ: ಒಂಬತ್ತು ಹತ್ತು ಅಡಿಯ ನೇರವಾದ ಕಿರುಬಿದಿರು ಸಾಕು. ಕಡಿದ ಬಿದಿರನ್ನು ನೆರಳಿನಲ್ಲಿ ಒಣಗಿಸಿ, ಗಿಣ್ಣುಗಳನ್ನು ನಯಮಾಡಿ. ತುದಿ ಬಳುಕಬೇಕು, ಬುಡ ಕೈಗೆ ಹಿಡಿಯುವಂತಿರಬೇಕು. ಮಕ್ಕಳಿಗೆ ಆರು ಅಡಿಯದು ಸಾಕು. ರೀಲು ಇರುವ ಗಳ ದೊಡ್ಡ ಕೆರೆಗೆ ಬೇಕಾದೀತು, ಹೊಂಡಕ್ಕೆ ಅಗತ್ಯವಿಲ್ಲ.

ದಾರ: ಗೆಂಡೆ ಮೀನುಗಳಿಗೆ 0.25ರಿಂದ 0.30 ಮಿ.ಮೀ. ದಪ್ಪದ ನೈಲಾನ್ ದಾರ. ದಾರದ ಉದ್ದ ಗಳದಷ್ಟೇ ಇರಲಿ. ನೈಲಾನ್ ಜಾರುವುದರಿಂದ ಸಾಮಾನ್ಯ ಗಂಟು ನಿಲ್ಲುವುದಿಲ್ಲ. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಬಳಿಯ ಕುಣಿಕೆಯೊಳಗೆ ತುದಿ ತೂರಿಸಿ, ಎಂಜಲಿನಿಂದ ಒದ್ದೆಮಾಡಿ ನಿಧಾನವಾಗಿ ಬಿಗಿಯಿರಿ. ಒಣ ದಾರವನ್ನು ಬಿಗಿದರೆ ಬಿಸಿಯಾಗಿ ಅಲ್ಲಿಯೇ ದುರ್ಬಲವಾಗುತ್ತದೆ.

ಕೊಕ್ಕೆ: ಕೊಕ್ಕೆಗಳಿಗೆ ನಂಬರುಗಳಿವೆ. ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಜಿಲೇಬಿ ಮೀನು ಹಾಗೂ ಇತರ ಸಣ್ಣ ಮೀನಿಗೆ 10ನೇ ನಂಬರು, ಗೆಂಡೆಗಳಿಗೆ 4 ಅಥವಾ 6. ಕೊಕ್ಕೆಯ ಮೊನೆಯ ಹಿಂದೆ ಹಿಮ್ಮುಖವಾದ ಒಂದು ಮುಳ್ಳಿರುತ್ತದೆ. ಇಕ್ಕಳದಿಂದ ಅದನ್ನು ಒತ್ತಿ ಚಪ್ಪಟೆ ಮಾಡಿಬಿಡಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದು ಕಡಿಮೆ. ಮಗುವಿನ ಬೆರಳಿಗೆ ಚುಚ್ಚಿದರೂ ಕೊಕ್ಕೆ ಸಲೀಸಾಗಿ ಹಿಂದಕ್ಕೆ ಬರುತ್ತದೆ. ಮುಳ್ಳಿರುವ ಕೊಕ್ಕೆ ನೆಟ್ಟರೆ ಎಳೆಯಬೇಡಿ, ದಾರ ಕತ್ತರಿಸಿ ವೈದ್ಯರ ಬಳಿಗೆ ಹೋಗಿ. ಯಾವುದೇ ಕೊಕ್ಕೆ ಚುಚ್ಚಿದರೂ ಧನುರ್ವಾಯು ಚುಚ್ಚುಮದ್ದಿನ ವಿಷಯ ಕೇಳಿ.

ಬೆಂಡು: ಜೋಳದ ದಂಟಿನ ಸಿಪ್ಪೆ ತೆಗೆದರೆ ಒಳಗಿನ ಬೆಂಡು ಸೊಗಸಾಗಿ ತೇಲುತ್ತದೆ. ಕಿರುಬೆರಳ ಗಾತ್ರದ ತುಂಡು ಸಾಕು. ಅದರ ತುದಿಗೆ ಕೆಂಪು ಬಣ್ಣ ಹಚ್ಚುವ ಕೆಲಸ ಮಕ್ಕಳಿಗಿರಲಿ. ಬೆಂಡು ನೆಟ್ಟಗೆ ನಿಲ್ಲುವಂತೆ ಕೊಕ್ಕೆಗಿಂತ ಒಂದು ಗೇಣು ಮೇಲೆ ಸಣ್ಣ ಸೀಸದ ಗುಂಡು ಕಚ್ಚಿಸಿ. ಸೀಸ ವಿಷವಾದ್ದರಿಂದ ಹಲ್ಲಿನಿಂದ ಕಚ್ಚಬಾರದು, ಇಕ್ಕಳ ಬಳಸಿ.

ಇವುಗಳ ಜೊತೆಗೆ ಹಿಡಿ ಇರುವ ಕೈಬಲೆ, ಒಂದು ಸ್ಪ್ರಿಂಗ್ ತಕ್ಕಡಿ, ಅಳತೆಪಟ್ಟಿ, ನೋಟ್‌ಬುಕ್ ಇದ್ದರೆ ಸಾಮಗ್ರಿ ಪೂರ್ಣವಾಯಿತು.

ಯಾವ ಮೀನು ಎಲ್ಲಿ ಮೇಯುತ್ತದೆ?

ಗಾಳದ ವಿದ್ಯೆಯೆಲ್ಲ ಇದೊಂದು ಪ್ರಶ್ನೆಯಲ್ಲಿ ಅಡಗಿದೆ. ಮಿಶ್ರ ಮೀನು ಸಾಕಣೆಯಲ್ಲಿ ಹಲವು ಜಾತಿಗಳನ್ನು ಒಟ್ಟಿಗೆ ಬಿಡುವುದೇ ಅವು ಬೇರೆ ಬೇರೆ ಮಟ್ಟದಲ್ಲಿ ಮೇಯುತ್ತವೆ ಎಂಬ ಕಾರಣಕ್ಕೆ. ಕಟ್ಲಾ ಮೀನಿನ ಬಾಯಿ ಅಗಲ, ಮೇಲ್ಮುಖ. ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳ ಬಾಯಿ ಕೆಳಮುಖ, ಅವು ತಳದ ಕೆಸರನ್ನು ಕೆದಕುತ್ತವೆ. ಹುಲ್ಲುಗೆಂಡೆ ಸೊಪ್ಪುಸದೆ ತಿನ್ನುತ್ತದೆ. ಬೆಳ್ಳಿಗೆಂಡೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿನ್ನುವುದರಿಂದ ಗಾಳಕ್ಕೆ ಬೀಳುವುದು ಅಪರೂಪ.

ಇದಕ್ಕೆ ತಕ್ಕಂತೆ ಬೆಂಡನ್ನು ಮೇಲೆ ಕೆಳಗೆ ಸರಿಸಬೇಕು. ಕಟ್ಲಾಕ್ಕೆ ಕೊಕ್ಕೆ ನೀರಿನ ಮೇಲ್ಮೈಯಿಂದ ಒಂದೆರಡು ಅಡಿ ಕೆಳಗಿದ್ದರೆ ಸಾಕು. ರೋಹುವಿಗೆ ಅರ್ಧ ಆಳ. ಸಾಮಾನ್ಯ ಗೆಂಡೆಗೆ ತಳ ಮುಟ್ಟಬೇಕು. ಆದರೆ ಪಾಲಿಥೀನ್ ಹೊದಿಸಿದ ಹೊಂಡದಲ್ಲಿ ಕೊಕ್ಕೆ ತಳಕ್ಕೆ ತಗುಲಕೂಡದು. ಹೊದಿಕೆ ತೂತಾದರೆ ನೀರು ಇಂಗಿಹೋಗುತ್ತದೆ. ಅಂಥ ಕಡೆ ತಳದಿಂದ ಒಂದು ಮೊಳವಾದರೂ ಮೇಲಿರಲಿ, ಇಳಿಜಾರಿನ ಹತ್ತಿರ ಗಾಳ ಹಾಕಬೇಡಿ.

ಎರೆಯ ವಿಚಾರ

ಗಾಳಕ್ಕೆ ಸಿಕ್ಕಿಸುವ ಆಹಾರಕ್ಕೆ ಎರೆ ಎನ್ನುತ್ತೇವೆ. ಎರೆಹುಳುವಿನ ಹೆಸರಿನಲ್ಲೇ ಅದು ಸೇರಿಕೊಂಡಿದೆ. ಸಾಮಾನ್ಯ ಗೆಂಡೆ, ಜಿಲೇಬಿ ಮೀನುಗಳಿಗೆ ಎರೆಹುಳುವಿಗಿಂತ ಒಳ್ಳೆಯ ಎರೆ ಇಲ್ಲ. ಗೊಬ್ಬರದ ಗುಂಡಿಯ ಅಂಚಿನಲ್ಲಿ ಅಗೆದರೆ ಬೇಕಾದಷ್ಟು ಸಿಗುತ್ತದೆ. ರೋಹು, ಕಟ್ಲಾಗಳಿಗೆ ಹಿಟ್ಟಿನ ಉಂಡೆ ಮೇಲು. ಕಡಲೆಕಾಯಿ ಹಿಂಡಿಯನ್ನು ಹುರಿದು ಪುಡಿಮಾಡಿ, ಅಷ್ಟೇ ಅಕ್ಕಿ ತೌಡು ಸೇರಿಸಿ, ಅಂಟು ಬರಲು ಗೋಧಿ ಹಿಟ್ಟು ಹಾಕಿ ಗಟ್ಟಿಯಾಗಿ ನಾದಿ. ಇದರಲ್ಲಿ ಒಂದೆರಡು ಎಳೆ ಹತ್ತಿ ಸೇರಿಸಿದರೆ ಉಂಡೆ ನೀರಿನಲ್ಲಿ ಬೇಗ ಕರಗುವುದಿಲ್ಲ. ರಾತ್ರಿ ಉಳಿದ ರಾಗಿಮುದ್ದೆಯೂ ಆಗುತ್ತದೆ. ದಿನಾ ಹಿಂಡಿ ತೌಡು ತಿಂದು ಬೆಳೆದ ಮೀನಿಗೆ ಅದೇ ವಾಸನೆ ಪರಿಚಿತವಾದ್ದರಿಂದ ಬೇರೆ ಎರೆ ಹುಡುಕಬೇಕಾಗಿಲ್ಲ. ಹುಲ್ಲುಗೆಂಡೆಗೆ ಎಳೆಯ ಹುಲ್ಲನ್ನೋ ಎಲೆಕೋಸಿನ ಚೂರನ್ನೋ ಮಡಿಸಿ ಸಿಕ್ಕಿಸಿ.

ಗಾಳ ಹಾಕುವ ಅರ್ಧ ಗಂಟೆ ಮೊದಲು ಒಂದು ಹಿಡಿ ತೌಡನ್ನು ಉಂಡೆ ಕಟ್ಟಿ ಒಂದೇ ಜಾಗಕ್ಕೆ ಎಸೆಯಿರಿ. ಹೆಚ್ಚು ಎಸೆದರೆ ಹೊಟ್ಟೆ ತುಂಬಿದ ಮೀನು ಕೊಕ್ಕೆ ಮುಟ್ಟುವುದಿಲ್ಲ, ಉಳಿದ ತೌಡು ತಳದಲ್ಲಿ ಕೊಳೆತು ನೀರು ಕೆಡುತ್ತದೆ.

ಬೆಳಗಿನ ಹೊತ್ತು ಮತ್ತು ಇಳಿಹೊತ್ತು ಗಾಳಕ್ಕೆ ಒಳ್ಳೆಯದು. ಚಳಿಗಾಲದಲ್ಲಿ ಬಿಸಿಲೇರಿ ನೀರು ಬೆಚ್ಚಗಾದ ಮೇಲೆಯೇ ಮೀನು ಬಾಯಿ ಹಾಕುವುದು. ಬೆಂಡು ಅಲುಗಿದ ತಕ್ಷಣ ಎಳೆಯುವುದು ಹೊಸಬರ ಅವಸರ. ಗೆಂಡೆ ಎರೆಯನ್ನು ಹೀರಿ, ಉಗುಳಿ, ಮತ್ತೆ ಹೀರುತ್ತದೆ. ಬೆಂಡು ಓರೆಯಾಗಿ ಸರಿಯುತ್ತ ಮುಳುಗಿದಾಗ ಮಣಿಕಟ್ಟನ್ನು ಮೇಲಕ್ಕೆತ್ತಿದರೆ ಸಾಕು, ತೋಳಿನ ಬಲ ಬೇಡ. ದೊಡ್ಡ ಮೀನನ್ನು ಗಳ ಬಳುಕಿಸುತ್ತ ದಣಿಸಿ, ಕೈಬಲೆಯಲ್ಲಿ ಎತ್ತಿಕೊಳ್ಳಿ. ತಾಳಿದವನು ಬಾಳಿಯಾನು ಎಂಬ ಮಾತನ್ನು ಮಕ್ಕಳಿಗೆ ಬಾಯಲ್ಲಿ ಹೇಳುವ ಬದಲು ಬೆಂಡಿನ ಮುಂದೆ ಕೂರಿಸಿ ಕಲಿಸಬಹುದು.

ಮಕ್ಕಳ ಮೊದಲ ಮೀನು ಜಿಲೇಬಿ ಆಗಲಿ

ತಿಲಾಪಿಯ ಎಂಬ ಜಿಲೇಬಿ ಮೀನು 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ತಾಯಿ ಮೀನು ಮೊಟ್ಟೆ ಮರಿಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಮರಿಗಳು ಬಹುಪಾಲು ಉಳಿಯುತ್ತವೆ. ವರ್ಷದಲ್ಲಿ ಹಲವು ಬಾರಿ ಮರಿ ಮಾಡುತ್ತದೆ. ಕಾಲುವೆ ನೀರಿನ ಜೊತೆ ನಾಲ್ಕು ಮೀನು ಹೊಂಡ ಸೇರಿದರೂ ಕೆಲವೇ ತಿಂಗಳಲ್ಲಿ ಹೊಂಡ ತುಂಬ ಬೆರಳುದ್ದದ ಮೀನು. ನೀವು ಹಾಕಿದ ಹಿಂಡಿಯನ್ನು ಅವೇ ತಿಂದು ಕಟ್ಲಾ, ರೋಹು ಸೊರಗುತ್ತವೆ.

ಹೆಚ್ಚು ಕಾಯಿಸದೆ ಮಕ್ಕಳ ಗಾಳಕ್ಕೆ ಬೀಳುವುದೂ ಇದೇ ಮೀನು. ಆದ್ದರಿಂದ ಮಕ್ಕಳಿಗೆ ಚಿಕ್ಕ ಕೊಕ್ಕೆ, ಚೂರು ಎರೆಹುಳು ಕೊಟ್ಟು ಜಿಲೇಬಿ ಹಿಡಿಯಲು ಬಿಡಿ. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವುದು ಬೇಡ. ಹೊಲದ ಕಳೆ ಕಿತ್ತಂತೆಯೇ ಇದು. ಗಾಳವೊಂದರಿಂದಲೇ ಜಿಲೇಬಿ ನಿರ್ಮೂಲವಾಗದು, ಬೇಸಿಗೆಯಲ್ಲಿ ಹೊಂಡ ಒಣಗಿಸುವುದೇ ಪೂರ್ಣ ಪರಿಹಾರ. ಆದರೂ ವಾರವಾರವೂ ತೆಗೆಯುತ್ತಿದ್ದರೆ ದಟ್ಟಣೆ ತಗ್ಗುತ್ತದೆ.

ಅಮೆರಿಕದ ರೈತರ ಹೊಂಡಗಳಲ್ಲಿ ಇದೇ ಸಮಸ್ಯೆ ಬೇರೆ ರೂಪದಲ್ಲಿ ಎದುರಾಗಿತ್ತು. ಅಲಬಾಮಾ ರಾಜ್ಯದ ಆಬರ್ನ್‌ನಲ್ಲಿ ಎಚ್.ಎಸ್. ಸ್ವಿಂಗಲ್ ಎಂಬ ವಿಜ್ಞಾನಿ 1930ರ ದಶಕದಿಂದ ಅದನ್ನು ಅಭ್ಯಸಿಸಿದರು. ಬ್ಲೂಗಿಲ್ ಎಂಬ ಸಣ್ಣ ಮೀನನ್ನು ಮಾತ್ರ ಬಿಟ್ಟ ಹೊಂಡದಲ್ಲಿ ಅದು ಕಿಕ್ಕಿರಿದು ಬೆಳೆಯದೆ ನಿಂತಿತು. ಜೊತೆಗೆ ಬಾಸ್ ಎಂಬ ಬೇಟೆಮೀನನ್ನು ಬಿಟ್ಟಾಗ ಸಮತೋಲ ಬಂತು. ಆದರೆ ಗಾಳ ಹಾಕುವವರು ಬಾಸ್ ಮೀನನ್ನೇ ಅತಿಯಾಗಿ ಹಿಡಿದ ಕಡೆ ಬ್ಲೂಗಿಲ್ ಮತ್ತೆ ಕಿಕ್ಕಿರಿಯಿತು. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದು ಗಾಳ ಹಿಡಿದವರ ಕೈಯಲ್ಲಿದೆ ಎಂಬುದೇ ಇದರ ಪಾಠ. ಈ ಪಾಠ ನಮಗೆ ಸಾಕು, ಆ ಮೀನು ನಮಗೆ ಬೇಡ. ಹೊರಗಿನಿಂದ ತಂದ ಮೀನು ಕೆರೆ ಸೇರಿದರೆ ಹಿಂದಕ್ಕೆ ಕರೆಯಲಾಗದು ಎಂಬುದನ್ನು ಜಿಲೇಬಿಯೇ ಕಲಿಸಿದೆ.

ನಮ್ಮಲ್ಲಿ ಬಾಸ್ ಮೀನಿನಂತೆ ಬೇಟೆಯಾಡುವುದು ಕೊರವ. ಊರೂರಿಗೆ ಇದರ ಹೆಸರು ಬೇರೆ, ಕುಚ್ಚು ಎನ್ನುವವರೂ ಉಂಟು. ಜೊಂಡು, ತಾವರೆ ಎಲೆಗಳ ಮರೆಯಲ್ಲಿದ್ದು ಕಪ್ಪೆ, ಸಣ್ಣ ಮೀನುಗಳ ಮೇಲೆ ಎರಗುತ್ತದೆ. ಗಾಳಿಯನ್ನೂ ಉಸಿರಾಡುವುದರಿಂದ ಆಗಾಗ ಮೇಲೆ ಬರುತ್ತದೆ. ಅದರಿಂದಲೇ ಅದಿರುವ ಜಾಗ ಗೊತ್ತಾಗುತ್ತದೆ. ಇದಕ್ಕೆ 0.40 ಮಿ.ಮೀ. ದಾರ, ದೊಡ್ಡ ಕೊಕ್ಕೆ ಬೇಕು. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುವುದು ಬೇಡ. ಕಪ್ಪೆ ಗದ್ದೆಯ ಕೀಟ ತಿನ್ನುವ ಮಿತ್ರ. ಅಂಗಡಿಯಲ್ಲಿ ರಬ್ಬರಿನ ಕಪ್ಪೆ ದೊರೆಯುತ್ತದೆ, ಅದನ್ನು ಎಲೆಗಳ ಮೇಲೆ ಕುಪ್ಪಳಿಸುವಂತೆ ಎಳೆದರೆ ಕೊರವ ಹಾರಿ ಹಿಡಿಯುತ್ತದೆ. ನೀರ ಮೇಲೆ ಕೆಂಪು ಮರಿಗಳ ಹಿಂಡು ಕಂಡರೆ ಮಾತ್ರ ಗಾಳ ಮಡಚಿಡಿ. ಅದರ ಕೆಳಗೆ ತಾಯ್ತಂದೆ ಮೀನುಗಳು ಕಾವಲಿರುತ್ತವೆ, ಅವನ್ನು ಹಿಡಿದರೆ ಇಡೀ ಹಿಂಡು ಇತರ ಮೀನುಗಳ ಪಾಲಾಗುತ್ತದೆ. ಗೆಂಡೆಮರಿ ಬಿಟ್ಟ ಹೊಂಡಕ್ಕೆ ಕೊರವ ಬಿಡಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗಾಳದಿಂದ ಲೆಕ್ಕ

ತಿಂಗಳಿಗೊಮ್ಮೆ, ಒಂದೇ ದಿನ, ಪ್ರತಿ ಜಾತಿಯ ಐದಾರು ಮೀನುಗಳನ್ನಾದರೂ ಹಿಡಿದು ಅಳೆದು ತೂಗಿ ಬರೆದಿಡಿ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ. ಒಣ ಕೈಗೆ ಮೈಯ ಲೋಳೆ ಹತ್ತಿದರೆ ಮೀನಿಗೆ ರೋಗ ತಗಲುತ್ತದೆ. ಒದ್ದೆ ಬಟ್ಟೆಯ ಚೀಲದಲ್ಲಿಟ್ಟು ತೂಗಿ, ಕೂಡಲೇ ನೀರಿಗೆ ಬಿಡಿ. ಕೊಕ್ಕೆಯನ್ನು ನುಂಗಿದ್ದರೆ ಕಿತ್ತೆಳೆಯದೆ ಆ ಮೀನನ್ನು ಅಡುಗೆಗೆ ಇಟ್ಟುಕೊಳ್ಳಿ. ಶಾಲೆಗೆ ಹೋಗುವ ಮಗನೋ ಮಗಳೋ ಈ ಲೆಕ್ಕದ ಪುಸ್ತಕ ನೋಡಿಕೊಳ್ಳಲಿ.

ಒಂದು ಉದಾಹರಣೆ ನೋಡೋಣ. ಹತ್ತು ಗುಂಟೆ ಹೊಂಡಕ್ಕೆ ಹೆಕ್ಟೇರಿಗೆ 5000ದ ಪ್ರಮಾಣದಲ್ಲಿ 500 ಮರಿ ಬಿಟ್ಟಿದ್ದೀರಿ. 400 ಉಳಿದಿವೆ ಎಂದುಕೊಳ್ಳಿ. ಸರಾಸರಿ ತೂಕ 250 ಗ್ರಾಂ ಇದ್ದರೆ ಒಟ್ಟು 100 ಕಿಲೋ ಮೀನು. ದಿನಕ್ಕೆ ತೂಕದ ಶೇಕಡ 2ರಂತೆ 2 ಕಿಲೋ ಆಹಾರ ಬೇಕು. ಮುಂದಿನ ತಿಂಗಳು ಸರಾಸರಿ 300 ಗ್ರಾಂ ಆದರೆ ಒಟ್ಟು 120 ಕಿಲೋ, ಆಗ ಆಹಾರ 2 ಕಿಲೋ 400 ಗ್ರಾಂ. ತೂಕ ಏರದಿದ್ದರೆ ಕಾರಣ ಹುಡುಕಬೇಕು. ತಲೆ ದೊಡ್ಡದಾಗಿ ಮೈ ಸಣಕಲಾಗಿದ್ದರೆ ಆಹಾರ ಸಾಲದು, ಇಲ್ಲವೆ ಮೀನು ಹೆಚ್ಚಾಗಿದೆ. ಮೈಮೇಲೆ ಕೆಂಪು ಗಾಯವಿದ್ದರೆ ರೋಗ, ಆಗ ಮೀನುಗಾರಿಕೆ ಅಧಿಕಾರಿಗೆ ತೋರಿಸಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕದ ಕೊರತೆ. ಆ ದಿನ ಗಾಳವೂ ಬೇಡ, ಸಗಣಿ ಆಹಾರಗಳೂ ಬೇಡ. ಪಂಪಿನಿಂದ ನೀರನ್ನು ಚಿಮ್ಮಿಸಿ, ಹೊಸ ನೀರು ಬಿಡಿ.

ಒಂದು ಎಚ್ಚರಿಕೆ. ಗಾಳಕ್ಕೆ ಬೀಳುವುದು ಹಸಿದ ಮೀನು. ಆದ್ದರಿಂದ ಬೆಳವಣಿಗೆಯ ಗತಿ ತಿಳಿಯುತ್ತದೆಯೇ ಹೊರತು ಹೊಂಡದಲ್ಲಿ ಎಷ್ಟು ಮೀನು ಉಳಿದಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಬಲೆಯೇ ಬೇಕು.

ಹೊರಗಿನ ನೀರಿನಲ್ಲಿ

ಊರ ಕೆರೆಯ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅವರನ್ನು ಕೇಳದೆ ಗಾಳ ಹಾಕಬೇಡಿ, ಆ ಮೀನು ಅವರ ಬೆಳೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದಿತು. ಮುಂಗಾರಿನ ಮೊದಲ ನೀರಿಗೆ ಎದುರು ಹತ್ತುವ ಮೀನು ಮೊಟ್ಟೆ ಇಡಲು ಹೊರಟದ್ದು, ಅದನ್ನು ಹಿಡಿಯದಿರುವುದೇ ಲೇಸು.

ಬಿಳಿಮೀನು ಎಂದು ಕಾವೇರಿ ತೀರದವರು ಕರೆಯುವ ಮಹಸೀರ್ ಗಾಳಗಾರರಲ್ಲಿ ಜಗತ್ಪ್ರಸಿದ್ಧ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳದಿಂದ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಕಾವೇರಿ ಕೊಳ್ಳದ ಕಿತ್ತಳೆ ರೆಕ್ಕೆಯ ಮಹಸೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಅದು ಆಕಸ್ಮಿಕವಾಗಿ ಸಿಕ್ಕಿದರೆ ನೀರಿನಲ್ಲಿಯೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಿ. ವನ್ಯಜೀವಿಧಾಮದೊಳಗೆ ಗಾಳ ಒಯ್ಯಬೇಡಿ. ಶೃಂಗೇರಿ, ಶಿಶಿಲದಂಥ ಕ್ಷೇತ್ರಗಳಲ್ಲಿ ಭಕ್ತರು ಕಾದುಕೊಂಡು ಬಂದ ಮೀನುಗಳನ್ನು ನೋಡಿ ನಲಿಯುವುದಷ್ಟೇ ನಮ್ಮ ಪಾಲಿನದು.

ಎದ್ದು ಬರುವ ಮುನ್ನ

ತುಂಡಾದ ದಾರ, ಕಳಚಿದ ಕೊಕ್ಕೆಗಳನ್ನು ದಡದಲ್ಲಿ ಬಿಡಬೇಡಿ. ನೈಲಾನ್ ಮಣ್ಣಿನಲ್ಲಿ ಕರಗುವುದಿಲ್ಲ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಬದುವಿನ ಹುಲ್ಲಿನ ಜೊತೆ ಕೊಕ್ಕೆ ಹಸುವಿನ ಹೊಟ್ಟೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ತಂದ ಕೊಕ್ಕೆಗಳನ್ನು ಎಣಿಸಿ ಡಬ್ಬಿಗೆ ಹಾಕುವ ಅಭ್ಯಾಸ ಮಕ್ಕಳಿಗಾಗಲಿ. ಹೊಂಡದ ನೀರಿನಲ್ಲಿ ಔಷಧಿ ಸಿಂಪಡಿಸುವ ಪಂಪನ್ನು ತೊಳೆಯಬೇಡಿ. ಮೀನೂ ಸಾಯುತ್ತದೆ, ತಿಂದವರಿಗೂ ಕೇಡು.

ಕೊನೆಗೆ ಬೇಲಿಯ ಅಗುಳಿ ಹಾಕಿದ್ದೀರಾ ಎಂದು ತಿರುಗಿ ನೋಡಿ. ದೊಡ್ಡವರ ಜೊತೆ ಗಾಳ ಹಾಕಿ ರುಚಿ ಕಂಡ ಮಕ್ಕಳು ನಾಳೆ ತಾವಾಗಿಯೇ ಹೊಂಡದ ಕಡೆ ಹೋಗುವುದು ಸಹಜ. ಆದ್ದರಿಂದ ಗಾಳದ ಗಳವನ್ನು ಮನೆಯಲ್ಲಿ ಎತ್ತರಕ್ಕೆ ಕಟ್ಟಿಡಿ. ದೊಡ್ಡವರಿಲ್ಲದೆ ಹೊಂಡಕ್ಕೆ ಹೋಗಬಾರದೆಂಬುದು ಮನೆಯ ಕಟ್ಟುನಿಟ್ಟಾದ ನಿಯಮವಾಗಲಿ, ಮತ್ತು ಮಕ್ಕಳು ಕೇಳಿದಾಗ ಕರೆದೊಯ್ಯುವುದು ದೊಡ್ಡವರ ನಿಯಮವಾಗಲಿ. ಎರಡನೆಯದು ನಡೆದರೆ ಮೊದಲನೆಯದನ್ನು ಮಕ್ಕಳು ಮೀರುವುದಿಲ್ಲ. ಮಕ್ಕಳಿಗೆ ಈಜು ಕಲಿಸುವುದನ್ನಂತೂ ಮುಂದೂಡಬೇಡಿ.

ಮೀನುಮರಿಗಳ ಬಗೆಗೂ ಹೊಂಡದ ನಿರ್ವಹಣೆಯ ಬಗೆಗೂ ಹೆಚ್ಚಿನ ವಿವರ ಬೇಕಾದವರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು. ಹೋಗುವಾಗ ನಿಮ್ಮ ಮಕ್ಕಳು ಬರೆದಿಟ್ಟ ತೂಕದ ಪುಸ್ತಕವನ್ನು ಮರೆಯದೆ ಒಯ್ಯಿರಿ. ಅದನ್ನು ನೋಡಿದರೆ ಅವರಿಗೆ ನಿಮ್ಮ ಹೊಂಡದ ಸ್ಥಿತಿ ಬೇಗ ಅರ್ಥವಾಗುತ್ತದೆ.